ಮಳೆಯೇ ಬಾರದ ನೆಲದ ಉಪ್ಪು

ಕೇಳುಗರಿಗೆ ನಮಸ್ಕಾರ.

ಅಡುಗೆ ಮನೆಯಲ್ಲಿ ಕೆಲಸ ಮಾಡ್ತಾ ರೇಡಿಯೋ ಕೇಳುತ್ತಿದ್ದರೆ, ಉಪ್ಪಿನ ಪ್ಯಾಕೆಟ್ಟು ಒಮ್ಮೆ ತಿರುಗಿಸಿ ನೋಡಿ. ಅಯೋಡಿನ್ ಬೆರೆಸಿದ ಉಪ್ಪು ಅಂತ ಬರೆದಿರುತ್ತದೆ. ಆ ಅಯೋಡಿನ್ ನಾವು ಹೊರಗಿನಿಂದಲೇ ತರಿಸುವುದು ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಬರುವುದು ದಕ್ಷಿಣ ಅಮೆರಿಕದ ಚಿಲಿ ದೇಶದಿಂದ. ಅಲ್ಲಿ ಅಟಕಾಮಾ ಅಂತ ಒಂದು ಮರುಭೂಮಿ ಇದೆ. ಅದರ ಕಲ್ಲಿನಿಂದ ಅದನ್ನು ತೆಗೆಯುತ್ತಾರೆ. ಇವತ್ತು ನಾನು ಹೇಳಹೊರಟಿರುವುದು ಆ ಕಲ್ಲಿನ ಕಥೆ, ಅದನ್ನು ಒಡೆದವರ ಕಥೆ.

ಅಟಕಾಮಾದಲ್ಲಿ ವರ್ಷಗಟ್ಟಲೆ ಒಂದು ಹನಿ ಬೀಳದ ಜಾಗಗಳಿವೆ. ನಮಗೆ ಮಳೆ ಹೋಯಿತು ಅಂದರೆ ಬರ. ಅಲ್ಲಿ ಮಳೆ ಬಾರದ್ದಕ್ಕೇ ಸಂಪತ್ತು ಉಳಿಯಿತು. ನೈಟ್ರೇಟ್ ಅನ್ನುವುದು ನೀರು ಸೋಕಿದರೆ ಕರಗಿಹೋಗುವ ಲವಣ, ಬೇರೆ ಕಡೆ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ, ಇಲ್ಲಿ ತೊಳೆಯಲು ಮಳೆಯೇ ಇಲ್ಲ, ಹಾಗಾಗಿ ಲಕ್ಷಾಂತರ ವರ್ಷ ಕೂಡುತ್ತಾ ಕೂಡುತ್ತಾ ನೆಲದ ಮೇಲ್ಪದರದಡಿ ಗಟ್ಟಿ ಕಲ್ಲಾಗಿ ನಿಂತಿತು. ಆ ಕಲ್ಲಿಗೆ ಅಲ್ಲಿನವರು ಕಲೀಚೆ ಅನ್ನುತ್ತಾರೆ. ಅದರಿಂದ ತೆಗೆದದ್ದೇ ಚಿಲಿಯ ಪೆಟ್ಲುಪ್ಪು. ಹೊಲಕ್ಕೆ ಗೊಬ್ಬರವೂ ಅದೇ, ಸಿಡಿಮದ್ದಿಗೆ ಬೇಕಾದದ್ದೂ ಅದೇ.

ಇದರ ಹೆಸರಿನಲ್ಲಿ ಯುದ್ಧವೇ ನಡೆಯಿತು. 1878ರಲ್ಲಿ ಬೊಲಿವಿಯಾ ತನ್ನ ನೆಲದಲ್ಲಿ ಅಗೆಯುತ್ತಿದ್ದ ಚಿಲಿಯ ಕಂಪನಿಗೆ ಕ್ವಿಂಟಾಲಿಗೆ 10 ಸೆಂಟಾವೊ, ಅಂದರೆ ಅಲ್ಲಿನ ಪೈಸೆ, ತೆರಿಗೆ ಹಾಕಿತು. ಮರುವರ್ಷ ಚಿಲಿಯ ಸೈನ್ಯ ಬಂದಿಳಿಯಿತು, ಬೊಲಿವಿಯಾ ಜೊತೆ ಪೆರುವೂ ಸೇರಿತು, ಕೊನೆಗೆ ಗೆದ್ದದ್ದು ಚಿಲಿ. ಬೊಲಿವಿಯಾ ತನ್ನ ಕಡಲ ತೀರವನ್ನೇ ಕಳೆದುಕೊಂಡಿತು. ಇವತ್ತಿಗೂ ಅದಕ್ಕೆ ಕಡಲಿಲ್ಲ.

ಕೆಲಸ ಹೇಗಿತ್ತು ಅಂದರೆ, ಮದ್ದಿಟ್ಟು ನೆಲ ಸಿಡಿಸಬೇಕು. ಬಂಡೆಯನ್ನು ಸುತ್ತಿಗೆಯಿಂದ ಒಡೆದು ಹೇಸರಗತ್ತೆ ಗಾಡಿಗೆ ತುಂಬಬೇಕು. ಆಮೇಲೆ ಅದನ್ನು ಪುಡಿ ಮಾಡಿ, ದೊಡ್ಡ ದೊಡ್ಡ ಕಬ್ಬಿಣದ ತೊಟ್ಟಿಗಳಲ್ಲಿ ನೀರು ಹಾಕಿ ಕುದಿಸುತ್ತಿದ್ದರು. ತಿಳಿನೀರು ಬಸಿದು ಆರಲು ಬಿಟ್ಟರೆ ಬಿಳಿ ಹರಳು ಕಟ್ಟುತ್ತಿತ್ತು. ನಮ್ಮ ಆಲೆಮನೆಯ ಕೊಪ್ಪರಿಗೆ ನೋಡಿದವರಿಗೆ ಆ ಕುದಿ ಎಂಥದ್ದು ಅಂತ ಗೊತ್ತಾಗುತ್ತದೆ, ಅಲ್ವಾ? ಆ ತೊಟ್ಟಿಗಳ ಮೇಲೆ ಒಂದು ಜಾಲರಿ ಕೂಡ ಇರಲಿಲ್ಲ. ಕಾಲು ಜಾರಿದರೆ ಮುಗಿಯಿತು.

ಇನ್ನು ಬಟವಾಡೆ. ಕೈಗೆ ದುಡ್ಡು ಬರುತ್ತಿರಲಿಲ್ಲ, ಬಿಲ್ಲೆ ಬರುತ್ತಿತ್ತು. ಕಂಪನಿಯ ಹೆಸರು ಒತ್ತಿದ ಒಂದು ಪುಟ್ಟ ದುಂಡನೆಯ ಬಿಲ್ಲೆ. ಅದು ನಡೆಯುವುದು ಆ ಕಂಪನಿಯ ಅಂಗಡಿಯಲ್ಲಿ ಮಾತ್ರ. ಬೇರೆ ಕಡೆ ಬದಲಾಯಿಸಲು ಹೋದರೆ ಮುರುಕು ಬೆಲೆ. ದುಡಿಸಿಕೊಳ್ಳುವವರೂ ಅವರೇ, ಅಕ್ಕಿಬೇಳೆ ಅಳೆದು ಕೊಡುವವರೂ ಅವರೇ.

1907ರ ಡಿಸೆಂಬರಿನಲ್ಲಿ ಕೆಲಸಗಾರರು ಹಾರೆ ಕೆಳಗಿಟ್ಟರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಾವಿರಾರು ಜನ ಮರುಭೂಮಿ ದಾಟಿ ಇಕೀಕೆ ಬಂದರಿಗೆ ನಡೆದು ಬಂದರು. ಅವರು ಕೇಳಿದ್ದೇನು ಗೊತ್ತಾ? ಬಿಲ್ಲೆಗೆ ಅದರ ಮೇಲಿರುವಷ್ಟೇ ಬೆಲೆ ಕೊಡಿ. ಕುದಿಯುವ ತೊಟ್ಟಿಗೆ ಜಾಲರಿ ಹಾಕಿಸಿ. ರಾತ್ರಿ ಶಾಲೆಗೆ ಒಂದು ಜಾಗ ಕೊಡಿ. ಕಂಪನಿ ಅಂಗಡಿಯ ಹೊರಗೆ ಒಂದು ತಕ್ಕಡಿ, ಒಂದು ಅಳತೆ ಕೋಲು ಇಡಿ, ಕೊಟ್ಟದ್ದು ಸರಿಯಿದೆಯೋ ಇಲ್ಲವೋ ನಾವೇ ನೋಡಿಕೊಳ್ಳುತ್ತೇವೆ. ಒಂದು ತಕ್ಕಡಿ! ಈ ಪಟ್ಟಿಯಲ್ಲಿ ನನ್ನ ಮನಸ್ಸಿನಿಂದ ಹೋಗದೆ ಇರುವುದು ಇದೊಂದೇ. ತೂಕದಲ್ಲಿ ಎಷ್ಟು ವರ್ಷ ಮೋಸ ಹೋಗಿದ್ದರೆ ಇಂಥ ಬೇಡಿಕೆ ಬಾಯಿಗೆ ಬಂದೀತು!

ಅವರೆಲ್ಲ ಊರಿನ ಸಾಂತಾ ಮರಿಯಾ ಶಾಲೆಯಲ್ಲಿ ತಂಗಿದ್ದರು. ಡಿಸೆಂಬರ್ 21ರ ಮಧ್ಯಾಹ್ನ ಸೈನ್ಯ ಆ ಶಾಲೆಯ ಮೇಲೆ ಗುಂಡು ಹಾರಿಸಿತು. ನೂರಾರು ಜನ ಸತ್ತರು. ಅವರಲ್ಲಿ ಬೊಲಿವಿಯಾದವರು, ಪೆರುವಿನವರೂ ಇದ್ದರು. ಯುದ್ಧದಲ್ಲಿ ಎದುರಾಳಿಗಳಾಗಿದ್ದ ದೇಶಗಳ ಜನ ಅಲ್ಲಿ ಒಂದೇ ಅಂಗಳದಲ್ಲಿ ನಿಂತಿದ್ದರು.

ಪೆಟ್ಲುಪ್ಪಿನ ಕಾಲ ಮುಗಿಸಿದ್ದು ಒಂದು ರಾಸಾಯನಿಕ ವಿಧಾನ. ಗಾಳಿಯಲ್ಲಿರುವ ಸಾರಜನಕದಿಂದಲೇ ಗೊಬ್ಬರ ಮಾಡುವುದನ್ನು ಜರ್ಮನಿಯವರು ಕಂಡುಕೊಂಡರು, 1913ರಲ್ಲಿ ಕಾರ್ಖಾನೆಯೂ ಶುರುವಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಒಂದೊಂದೇ ಗಣಿ ಊರು ಬಾಗಿಲು ಹಾಕುತ್ತಾ ಹೋಯಿತು. ಅದೇ ಮರುಭೂಮಿಯ ತಾಮ್ರದ ಗಣಿಗಾರಿಕೆ ಮಾತ್ರ ನಿಲ್ಲಲಿಲ್ಲ. ಚುಕಿಕಮಾಟಾದ ತಾಮ್ರದ ಗುಂಡಿ ಸುಮಾರು ಒಂದು ಕಿಲೋಮೀಟರ್ ಆಳ ಇಳಿದಿದೆ.

ಹಂಬರ್‌ಸ್ಟೋನ್ ಅನ್ನುವ ಪೆಟ್ಲುಪ್ಪಿನ ಊರು 1960ರಲ್ಲಿ ಖಾಲಿಯಾಯಿತು. ಈಗ ಅದು ವಿಶ್ವ ಪರಂಪರೆಯ ತಾಣ. ನಾಟಕಶಾಲೆ ಹಾಗೇ ಇದೆ, ಕಬ್ಬಿಣದ ತಗಡು ಜೋಡಿಸಿ ಮಾಡಿದ ಈಜುಕೊಳ ಹಾಗೇ ಇದೆ, ಆ ಕಂಪನಿ ಅಂಗಡಿಯೂ ಇದೆ.

ಇಂಥ ಊರುಗಳ ಪಕ್ಕ ಬಯಲಲ್ಲಿ ಸ್ಮಶಾನಗಳಿವೆ. ಪ್ರತಿ ನವೆಂಬರ್ 1ರಂದು, ಸತ್ತವರನ್ನು ನೆನೆಯುವ ದಿನ, ಅಲ್ಲಿ ಬದುಕಿದ್ದವರ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಗೋರಿಗೆ ಹಾಕಲು ಆ ನೆಲದಲ್ಲಿ ಹೂವು ಎಲ್ಲಿಂದ ಬರಬೇಕು? ಅದಕ್ಕೇ ಹಿಂದಿನವರು ತಗಡು ಕತ್ತರಿಸಿ, ಬಣ್ಣದ ಕಾಗದ ಮಡಿಸಿ ಹೂಮಾಲೆ ಮಾಡುತ್ತಿದ್ದರು. ಆ ತಗಡಿನ ಹೂಗಳು ಹಳೆಯ ಮರದ ಶಿಲುಬೆಗಳ ಮೇಲೆ ಇನ್ನೂ ನೇತಾಡುತ್ತಿವೆ.

ನಮಸ್ಕಾರ.