ಆಶ್ರಯ ಕೋರಿ ಬಂದವರಲ್ಲಿ ಚಿತ್ರಹಿಂಸೆ ಉಂಡವರೆಷ್ಟು?

ಕೇಳುಗರೇ, ನಮಸ್ಕಾರ.

ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವರು ಒಂದೊಂದೇ ಮರದ ಗೊನೆ ಎಣಿಸುತ್ತಾ ಕೂರುವುದಿಲ್ಲ. ನಾಲ್ಕಾರು ಸಾಲು ಸುತ್ತಿ, ಕತ್ತೆತ್ತಿ ನೋಡಿ, ಇಷ್ಟು ಕ್ವಿಂಟಾಲ್ ಎಂದು ಅಂದಾಜು ಹಾಕುತ್ತಾರೆ. ರಸ್ತೆ ಬದಿಯ ಸಾಲನ್ನಷ್ಟೇ ನೋಡಿ, ಕೊಳೆ ಹಿಡಿದ ತಗ್ಗಿನ ಕಡೆ ಕಾಲಿಡದಿದ್ದರೆ ಕೈ ಸುಟ್ಟುಕೊಂಡ ಹಾಗೇ. ಪರದೇಶದಲ್ಲಿ ಆಶ್ರಯ ಕೋರಿ ಬಂದವರಲ್ಲಿ ಎಷ್ಟು ಜನ ಚಿತ್ರಹಿಂಸೆ ಉಂಡವರು ಎಂಬ ಅಂದಾಜೂ ಮೊದಲು ಎಡವುವುದು ಇಲ್ಲೇ: ನೋಡಿದ ಸಾಲು ಯಾವುದು?

ಬಹುಕಾಲ ಶೇಕಡಾ 5ರಿಂದ 35 ಎಂಬ ಅಂಕಿ ಚಾಲ್ತಿಯಲ್ಲಿತ್ತು. 2006ರಲ್ಲಿ ಪ್ರಕಟವಾದ ಬಾಸ್ಟನ್ ನಗರದ ಅಧ್ಯಯನವೊಂದು, ಸಾಮಾನ್ಯ ಚಿಕಿತ್ಸಾಲಯಕ್ಕೆ ಬಂದ ವಿದೇಶಿ ಮೂಲದ 308 ರೋಗಿಗಳನ್ನು ವಿಚಾರಿಸಿ ಶೇಕಡಾ 11 ಎಂದಿತು. 2015ರಲ್ಲಿ ಅಮೆರಿಕದ ಸೆಂಟರ್ ಫಾರ್ ವಿಕ್ಟಿಮ್ಸ್ ಆಫ್ ಟಾರ್ಚರ್ ಸಂಸ್ಥೆ ಶೇಕಡಾ 44ರವರೆಗೆ ಎಂದಿತು. ಎರಡರಲ್ಲಿ ಒಂದು ಸುಳ್ಳು ಅನ್ನಬೇಕಾಗಿಲ್ಲ. ಬಾಸ್ಟನ್ನಿನ ಲೆಕ್ಕದಲ್ಲಿ ಯಾವ ಕಾರಣಕ್ಕೆ ದೇಶ ಬಿಟ್ಟವರೂ ಇದ್ದರು. ಎರಡನೆಯದು ನಿರಾಶ್ರಿತರು ಮತ್ತು ಆಶ್ರಯ ಕೋರಿದವರದಷ್ಟೇ. ಭಾಗಿಸುವ ಸಂಖ್ಯೆಯೇ ಬೇರೆ. ನಮ್ಮ ಪಕ್ಕದ ಮುಂಡಗೋಡಿನ ಟಿಬೆಟನ್ ಕಾಲೊನಿಯಲ್ಲಿ ಇಂಥ ಲೆಕ್ಕ ಮಾಡುವುದಾದರೆ, ಅಲ್ಲೇ ಹುಟ್ಟಿ ಬೆಳೆದವರನ್ನೂ ಸೇರಿಸಿದರೆ ಶೇಕಡಾವಾರು ತಾನಾಗಿ ಕುಸಿಯುತ್ತದೆ.

ಇನ್ನು, ಚಿತ್ರಹಿಂಸೆ ಎಂದರೇನು? 1984ರ ವಿಶ್ವಸಂಸ್ಥೆಯ ಒಪ್ಪಂದದ ಪ್ರಕಾರ ಅದರ ಹಿಂದೆ ಸರ್ಕಾರಿ ಅಧಿಕಾರಿಯ ಕೈಯೋ ಸಮ್ಮತಿಯೋ ಇರಬೇಕು. ಭಾರತ ಇದಕ್ಕೆ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ವೈದ್ಯರ ಜಾಗತಿಕ ಸಂಘದ 1975ರ ಟೋಕಿಯೊ ಘೋಷಣೆಗೆ ಆ ಷರತ್ತಿಲ್ಲ. ಬಂಡುಕೋರರ ಕೈಗೆ ಸಿಕ್ಕು ನರಳಿದವರು ಒಂದು ಪಟ್ಟಿಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

ಕೇಳುವ ರೀತಿಯಂತೂ ಇಡೀ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. "ನಿಮಗೆ ಚಿತ್ರಹಿಂಸೆ ಆಗಿತ್ತೇ?" ಎಂದು ನೇರ ಕೇಳಿದರೆ, "ಇಲ್ಲ, ಠಾಣೆಯಲ್ಲಿ ಎಲ್ಲರಿಗೂ ಹೊಡೆಯುವ ಹಾಗೆ ಹೊಡೆದರು" ಅಂದುಬಿಡುತ್ತಾರೆ. ಅದಕ್ಕೇ ಕೃತ್ಯಗಳನ್ನು ಬಿಡಿಬಿಡಿಯಾಗಿ ಕೇಳಬೇಕು. ಅಂಗಾಲಿಗೆ ಹೊಡೆದರೇ, ಕೈ ಕಟ್ಟಿ ನೇತುಹಾಕಿದರೇ, ಕರೆಂಟ್ ಕೊಟ್ಟರೇ, ನೀರಲ್ಲಿ ಮುಳುಗಿಸಿದರೇ, ದಿನಗಟ್ಟಲೆ ನಿದ್ದೆ ಮಾಡಗೊಡಲಿಲ್ಲವೇ? ಆಮೇಲೆ, ಯಾರು ಮಾಡಿದರು, ಏತಕ್ಕೆ? ದುಭಾಷಿ ಅದೇ ಊರಿನವನಾದರೆ ಸುದ್ದಿ ಹಬ್ಬೀತೆಂಬ ಭಯ. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಕೇಳಿದರೆ ಲೈಂಗಿಕ ಹಿಂಸೆಯ ಮಾತೇ ಹೊರಬರದು. ಗಂಡಸರು ಇದನ್ನು ಹೇಳುವುದು ಇನ್ನೂ ಕಷ್ಟ. ನಿಜಕ್ಕೂ ನೂರರಲ್ಲಿ 30 ಜನ ಉಂಡವರಿದ್ದು, ಮೂವರಲ್ಲಿ ಒಬ್ಬರು ಬಾಯಿ ಬಿಡದಿದ್ದರೆ ಪುಸ್ತಕಕ್ಕೆ ಏರುವುದು 20.

ಇನ್ನೊಂದು ತಪ್ಪು ಸರಾಸರಿಯದು. ಸಾವಿರ ಅರ್ಜಿದಾರರಲ್ಲಿ 600 ಜನ ಬಂದ ದೇಶದ ಪ್ರಮಾಣ ಶೇಕಡಾ 40, ಉಳಿದ 400 ಜನರದು ಶೇಕಡಾ 10 ಎಂದಿಟ್ಟುಕೊಳ್ಳಿ. 40 ಮತ್ತು 10 ಕೂಡಿ ಎರಡರಿಂದ ಭಾಗಿಸಿ 25 ಅನ್ನುವವರಿದ್ದಾರೆ. ಸರಿಯಾದದ್ದು 240 ಮತ್ತು 40, ಒಟ್ಟು 280, ಅಂದರೆ ಶೇಕಡಾ 28. ಮರುವರ್ಷ ಬೇರೆ ಕಡೆ ಯುದ್ಧವಾಗಿ ಬರುವವರ ಮಿಶ್ರಣ ಬದಲಾದರೆ ಇದೂ ಹಳತು. ಮಾದರಿಯ ಗಾತ್ರವನ್ನೂ ಹೇಳಬೇಕು: ಕೈಗೆ ಸಿಕ್ಕವರನ್ನೇ ಆರಿಸಿಕೊಳ್ಳದೆ, ಚೀಟಿ ಎತ್ತಿದ ಹಾಗೆ ಆರಿಸಿ 100 ಜನರನ್ನು ಕೇಳಿ 30 ಬಂದರೆ ಆಚೀಚೆ 9 ಅಂಶ ಜಾರಬಹುದು; 400 ಜನರನ್ನು ಕೇಳಿದರೆ ಅದು ನಾಲ್ಕೂವರೆಗೆ ಇಳಿಯುತ್ತದೆ.

ಮೈಮೇಲೆ ಗುರುತಿದ್ದವರನ್ನು ಮಾತ್ರ ಎಣಿಸೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಚಿತ್ರಹಿಂಸೆಯನ್ನು ತನಿಖೆ ಮಾಡಿ ದಾಖಲಿಸುವುದು ಹೇಗೆಂದು ತಿಳಿಸುವ ವಿಶ್ವಸಂಸ್ಥೆಯ ಕೈಪಿಡಿ, 1999ರ ಇಸ್ತಾಂಬುಲ್ ಪ್ರೋಟೋಕಾಲ್, ಇದನ್ನು ಒಪ್ಪುವುದಿಲ್ಲ. ಗುರುತು ಇಲ್ಲದಿರುವುದು ಹಿಂಸೆ ಆಗಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಅಂಗಾಲಿಗೆ ಬಿದ್ದ ಪೆಟ್ಟಿನ ಬಾವು ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಆಶ್ರಯದ ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ತಿಂಗಳುಗಳೋ ವರ್ಷಗಳೋ ಆಗಿರುತ್ತವೆ.

ನಮಸ್ಕಾರ.