ಮಾನಿಟರ್ ರಾತ್ರಿಯಿಡೀ ಕೂಗಿದರೆ ಮೆಮೊ ಯಾರಿಗೆ ಹೋಗಬೇಕು?

ನಮಸ್ಕಾರ. ಬದಿಯಡ್ಕದ ಮನೆಯಿಂದ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಅಲ್ಲಿನ ಆಸ್ಪತ್ರೆಗಳಲ್ಲಿ 16 ವರ್ಷ ನರ್ಸ್ ಆಗಿ ದುಡಿದವಳು ನಾನು. ಇಂದಿನ ಮಾತನ್ನು ಒಂದು ನೈಟ್ ಡ್ಯೂಟಿಯಿಂದ ಆರಂಭಿಸುತ್ತೇನೆ.

ಆ ರಾತ್ರಿ ಐಸಿಯುವಿನ ಮೂರು ಹಾಸಿಗೆಗಳು ನನ್ನ ಪಾಲಿಗಿದ್ದವು. ಮೂರನೆಯದರಲ್ಲಿದ್ದ ಹಿರಿಯರು ಶ್ವಾಸಕೋಶದ ಹಳೆಯ ರೋಗಿ. ಕುತ್ತಿಗೆಯಲ್ಲಿ ಉಸಿರಾಟದ ಕೊಳವೆಯಿತ್ತು, ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ, 88, 89ರಲ್ಲಿ ಓಡಾಡುತ್ತಿತ್ತು. ಇಂಥ ರೋಗಿಗಳಿಗೆ 88ರಿಂದ 92ರವರೆಗೆ ಇದ್ದರೆ ಸಾಕೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಆದರೆ ಮಾನಿಟರಿನಲ್ಲಿ ಮೊದಲಿನಿಂದ ಇದ್ದ 90ರ ಮಿತಿಯನ್ನು ಯಾರೂ ಇಳಿಸಿರಲಿಲ್ಲ, ಇಳಿಸುವ ಅಧಿಕಾರ ನಮಗಿರಲಿಲ್ಲ. ಆದ್ದರಿಂದ ಅದು ಕೂಗುತ್ತಲೇ ಇತ್ತು. ಅದನ್ನು ಅಳೆಯಲು ಬೆರಳಿಗೆ ಸಿಕ್ಕಿಸುವ ಪ್ರೋಬ್ ಜಾರಿದರೂ ಅದೇ ಕೂಗು. ನಾನು ಹೋಗುವುದು, ತಣ್ಣಗಿನ ಬೆರಳನ್ನು ಉಜ್ಜಿ ಪ್ರೋಬನ್ನು ಸರಿಯಾಗಿ ಕೂರಿಸುವುದು, ಸೈಲೆನ್ಸ್ ಒತ್ತಿ ಹಿಂದಿರುಗುವುದು. ಎಷ್ಟು ಸಲ ಹೀಗಾಯಿತೆಂಬ ಎಣಿಕೆ ತಪ್ಪಿತ್ತು. ಬೆಳಗಿನ ಜಾವ ಅದು ಮತ್ತೆ ಕೂಗಿದಾಗ ಎರಡನೆಯ ಹಾಸಿಗೆಯ ಬಳಿ ಪಂಪಿನ ಸಿರಿಂಜ್ ಬದಲಿಸುತ್ತಿದ್ದ ನಾನು ತಿರುಗಿ ನೋಡಲಿಲ್ಲ. ಆ ಸಲ ಪ್ರೋಬ್ ಜಾರಿರಲಿಲ್ಲ. ಕೊಳವೆಯಲ್ಲಿ ಕಫ ಕಟ್ಟಿ ಸ್ಯಾಚುರೇಶನ್ 70ಕ್ಕೆ ಇಳಿದಿತ್ತು. ಪಕ್ಕದ ಸಿಸ್ಟರ್ ಓಡಿ ಬಂದು ಸಕ್ಷನ್ ಮಾಡಿ ಕಫ ಎಳೆದು ತೆಗೆದದ್ದರಿಂದ ಆ ಹಿರಿಯರು ಉಳಿದರು.

ಮರುದಿನ ನನಗೆ ಮೆಮೊ, ಅಂದರೆ ಎಚ್ಚರಿಕೆಯ ಪತ್ರ, ಬಂತು. ತಿರುಗಿ ನೋಡದಿದ್ದದ್ದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ ಆ ರಾತ್ರಿ ಮಾನಿಟರ್ ಎಷ್ಟು ಸಲ ಸುಮ್ಮನೆ ಕೂಗಿತ್ತು, 90ರ ಮಿತಿ ಯಾಕೆ ಹಾಗೆಯೇ ಉಳಿದಿತ್ತು ಎಂದು ಕೇಳಿದವರು ಯಾರೂ ಇಲ್ಲ.

ನಮ್ಮ ಕಡೆಯ ತೋಟದವರಿಗೆ ಈ ವಿಷಯ ತಿಳಿದದ್ದೇ. ಮಂಗಗಳನ್ನು ಓಡಿಸಲು ಗರ್ನಾಲು ಹೊಡೆದರೆ ಮೊದಲ ಕೆಲವು ದಿನ ಓಡುತ್ತವೆ. ಆಮೇಲೆ ಸದ್ದು ಕೇಳುತ್ತಲೇ ತೆಂಗಿನಮರದಲ್ಲಿ ಕುಳಿತು ಬೊಂಡ ಕೆಡವುತ್ತವೆ. ಪದೇ ಪದೇ ಸುಳ್ಳಾದ ಸದ್ದನ್ನು ಬದಿಗೆ ಸರಿಸುವುದು ಜೀವಿಗಳ ಸ್ವಭಾವ, ನರ್ಸಿನ ಕಿವಿಯೂ ಇದಕ್ಕೆ ಹೊರತಲ್ಲ. ಎಚ್ಚರಿಕೆಯ ಪತ್ರ ಕೊಟ್ಟು ಈ ಸ್ವಭಾವವನ್ನು ತಿದ್ದಲಾಗದು.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಐದು ಐಸಿಯುಗಳ ಮಾನಿಟರುಗಳನ್ನು 31 ದಿನ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 461 ರೋಗಿಗಳಿಂದ 25 ಲಕ್ಷಕ್ಕೂ ಹೆಚ್ಚು ಅಲಾರಂ ಸೂಚನೆಗಳು ಬಂದಿದ್ದವು. ಅವುಗಳಲ್ಲಿ ಕಿವಿಗೆ ಕೇಳುವಂಥವೇ ಪ್ರತಿ ಹಾಸಿಗೆಗೆ ದಿನಕ್ಕೆ 187. ಅದೇ ಲೆಕ್ಕದಲ್ಲಿ ಮೂರು ಹಾಸಿಗೆಗಳನ್ನು 12 ಗಂಟೆ ನೋಡಿಕೊಳ್ಳುವ ನರ್ಸಿಗೆ ಒಂದೇ ಡ್ಯೂಟಿಯಲ್ಲಿ ಸುಮಾರು 280 ಕೂಗು. ಪರಿಶೀಲಿಸಿ ನೋಡಿದ ಹೃದಯಬಡಿತದ ಏರುಪೇರಿನ ಅಲಾರಂಗಳಲ್ಲಂತೂ ಶೇ. 88.8ರಷ್ಟು ಸುಳ್ಳಾಗಿದ್ದವು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್‌ಗೆ 2009ರ ಜನವರಿಯಿಂದ 2012ರ ಜೂನ್‌ವರೆಗೆ ವರದಿಯಾದ ಅಲಾರಂ ಸಂಬಂಧಿತ 98 ಅವಘಡಗಳಲ್ಲಿ 80 ಮಂದಿ ಜೀವ ಕಳೆದುಕೊಂಡರು.

ಇದಕ್ಕೆ ಉಪಾಯವಿದೆ, ಅದೂ ದುಬಾರಿಯದ್ದಲ್ಲ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಎರಡು ವಾರ್ಡುಗಳಲ್ಲಿ ಹೃದಯಬಡಿತ ಹಿಡಿಯಲು ಎದೆಗೆ ಅಂಟಿಸುವ ಎಲೆಕ್ಟ್ರೋಡುಗಳನ್ನು ದಿನವೂ ಬದಲಿಸಿದ್ದಕ್ಕೇ ಅಲಾರಂ ಶೇ. 46ರಷ್ಟು ಇಳಿಯಿತು. ನಮ್ಮಲ್ಲಿ ಕರಾವಳಿಯ ಬೆವರಿಗೆ ಅವು ಸಂಜೆಯೊಳಗೆ ಅಂಚಿನಿಂದ ಏಳುತ್ತವೆ. ಹೊಸದನ್ನು ತೆಗೆದರೆ ರೋಗಿಯ ಬಿಲ್ಲಿಗೆ ಸೇರುತ್ತದೆ, ಮನೆಯವರು ಈಗಾಗಲೇ ಬಂಗಾರ ಅಡವಿಟ್ಟಿರುತ್ತಾರೆ. ಆದ್ದರಿಂದ ಒಣಗಿದ್ದರ ಮೇಲೆಯೇ ಪ್ಲಾಸ್ಟರ್ ಹಚ್ಚಿ ನಾವು ದಿನ ದೂಡುತ್ತೇವೆ. ಈ ಖರ್ಚನ್ನು ಆಸ್ಪತ್ರೆಯೇ ಭರಿಸಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಬಾಸ್ಟನ್ ಮೆಡಿಕಲ್ ಸೆಂಟರ್ ಇನ್ನೂ ಮುಂದೆ ಹೋಯಿತು. ಅಲ್ಲಿನ ಹೃದ್ರೋಗ ವಾರ್ಡಿನಲ್ಲಿ ಏನೂ ಮಾಡಬೇಕಾಗಿಲ್ಲದ ಸಣ್ಣ ಸದ್ದುಗಳನ್ನು ತೆಗೆದುಹಾಕಿ, ಕೂಗಿದರೆ ಯಾರಾದರೂ ಹೋಗಲೇಬೇಕು ಎಂಬಂತೆ ಉಳಿದವನ್ನು ಗಂಭೀರವಾಗಿಸಿ, ರೋಗಿಗೆ ತಕ್ಕಂತೆ ಮಿತಿ ಬದಲಿಸುವ ಅಧಿಕಾರವನ್ನು ನರ್ಸುಗಳಿಗೆ ಕೊಟ್ಟರು. ವಾರಕ್ಕೆ 87,823 ಇದ್ದ ಅಲಾರಂ 9,967ಕ್ಕೆ ಇಳಿಯಿತು.

ನಮ್ಮಲ್ಲಿಯೂ ಮೊದಲು ಬೇಕಾದದ್ದು ಆ ಅಧಿಕಾರವೇ. ಸೀನಿಯರ್ ನರ್ಸ್ ಒಬ್ಬರು ಡಾಕ್ಟರರ ಜೊತೆ ರೌಂಡ್ಸಿನಲ್ಲಿಯೇ ಪ್ರತಿ ಹಾಸಿಗೆಯ ಮಿತಿ ಗೊತ್ತುಪಡಿಸಿ ಚಾರ್ಟಿನಲ್ಲಿ ಬರೆದರೆ ಸಾಕು; ಹೊಸ ಯಂತ್ರ ಬೇಡ. ಕನ್ನಡ, ಮಲಯಾಳಂ, ತುಳು ಮೂರೂ ಬೆರೆತು ನಡೆಯುವ, ಡ್ಯೂಟಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವ ನಮ್ಮ ಹ್ಯಾಂಡೋವರಿನಲ್ಲಿ ಔಷಧ, ಡ್ರಿಪ್, ಮೂತ್ರದ ಅಳತೆ ಎಲ್ಲವನ್ನೂ ಹೇಳುತ್ತೇವೆ, ಅಲಾರಂ ಮಿತಿಯನ್ನು ಮಾತ್ರ ಹೇಳುವುದಿಲ್ಲ. ನನಗೆ ಆ ರಾತ್ರಿ ಯಾರಾದರೂ "ಚೇಚಿ, ಮೂರನೇ ಬೆಡ್ಡಿನವರಿಗೆ 86ಕ್ಕೆ ಇಟ್ಟಿದ್ದೇವೆ, ಕೂಗಿದರೆ ಓಡಿ" ಎಂದು ಹೇಳಿದ್ದರೆ, ನಾನು ಓಡುತ್ತಿದ್ದೆ.