ಅಟ್ಯಾಕೋ, ಬರೀ ಬಿಸಿಯೋ?

ಅಧ್ಯಕ್ಷರೆ, ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಜೊತೆ ಬದುಕುತ್ತಿರುವ ಗೆಳೆಯರೆ, ಅವರ ಮನೆಯವರೆ,

ವಿಶ್ವ ಎಂಎಸ್ ದಿನ, ಮೇ 30 ಬಂತೆಂದರೆ ವೇದಿಕೆಯಲ್ಲಿ ಮಯಲಿನ್ ಚಿತ್ರ, ಅಂದರೆ ಈ ಕಾಯಿಲೆಯಲ್ಲಿ ಕಳಚುವ ನರದ ಹೊದಿಕೆಯ ಚಿತ್ರ, ತೋರಿಸುವುದು ರೂಢಿ. ಇಲ್ಲಿ ಕೂತವರಿಗೆಲ್ಲ ಅದು ಬಾಯಿಪಾಠ. ಆದರೆ ಬೆಳಿಗ್ಗೆ ಎದ್ದಾಗ ಕಾಲು ಭಾರವಾದರೆ ಮೊದಲು ಯಾವ ಪರೀಕ್ಷೆ ಮಾಡಿಸಬೇಕು? ಎಂಆರ್‌ಐ ಅಂತೀರಿ. ಅಲ್ಲ, ಮೂತ್ರ ಪರೀಕ್ಷೆ.

1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ ಒಂದು ವಿಚಿತ್ರ ಗಮನಿಸಿದರು. ಕೆಲವು ಎಂಎಸ್ ರೋಗಿಗಳಿಗೆ ನಡೆದು ದಣಿದರೆ ಕಣ್ಣು ಮಂಜಾಗುತ್ತಿತ್ತು, ಸುಧಾರಿಸಿಕೊಂಡರೆ ಸರಿಹೋಗುತ್ತಿತ್ತು. ಅವರು ದಣಿವೇ ಕಾರಣ ಅಂದುಕೊಂಡರು. ಮೈಬಿಸಿ ಎಂಬುದು ತಿಳಿದದ್ದು ಆಮೇಲೆ. ಎಂಆರ್‌ಐ ಇಲ್ಲದ ಕಾಲದಲ್ಲಿ ಅದೇ ಪರೀಕ್ಷೆಯಾಯಿತು: ಅನುಮಾನವಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕಣ್ಣು ಮಂಜಾಯಿತೆ, ಕಾಲು ಸೋತಿತೆ ಎಂದು ನೋಡುತ್ತಿದ್ದರು. ನಾವು ದೀಪಾವಳಿಯಲ್ಲಿ ಹಂಡೆ ನೀರು ಕಾಯಿಸಿ ಈ ಪರೀಕ್ಷೆಯನ್ನು ಪುಕ್ಕಟೆ ಮಾಡಿಕೊಳ್ಳುತ್ತೇವೆ! ಎಣ್ಣೆ ಹಚ್ಚಿ, ಸುಡುನೀರು ಹುಯ್ದುಕೊಂಡು, ಬಚ್ಚಲಿಂದ ಏಳಲಾಗದೆ ಕೂತರೆ ಮನೆಯವರು ಕಾಯಿಲೆಯ ಹೊಸ ಅಟ್ಯಾಕ್ ಅಂದುಕೊಂಡು ಆಸ್ಪತ್ರೆಗೆ ಕಾರು ತೆಗೆಯುತ್ತಾರೆ. ಮಯಲಿನ್ ಕಳಚಿದ ನರದಲ್ಲಿ ಸಂಕೇತ ಹೇಗೋ ದಾಟುತ್ತಿರುತ್ತದೆ. ಮೈ ಅರ್ಧ ಡಿಗ್ರಿ ಬಿಸಿಯಾದರೂ ಅದು ನಿಂತುಬಿಡಬಹುದು. ಹೊಸ ಗಾಯವೇನೂ ಆಗಿರುವುದಿಲ್ಲ. ಫ್ಯಾನ್ ಕೆಳಗೆ ಕೂತು ತಣ್ಣೀರು ಕುಡಿಯಿರಿ, ಮೈ ಆರಿದಂತೆ ಕಾಲೂ ಬರುತ್ತದೆ.

ಅಟ್ಯಾಕ್ ಅನ್ನಬೇಕಾದರೆ ಹೊಸ ತೊಂದರೆಯೋ ಹಳೆಯದರ ಉಲ್ಬಣವೋ 24 ಗಂಟೆಯಾದರೂ ಇರಬೇಕು; ಜ್ವರ, ಸೋಂಕು ಇರಬಾರದು, ಅವೂ ಮೈ ಬಿಸಿಮಾಡುತ್ತವೆ. ಎಂಎಸ್‌ನಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಸೋಂಕು ಸುಲಭವಾಗಿ ಆಗುತ್ತದೆ, ಕೆಲವರಿಗೆ ಉರಿಯೂ ಗೊತ್ತಾಗುವುದಿಲ್ಲ. ಅದನ್ನು ನೋಡದೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಡ್ರಿಪ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಹಾಕಿಸಿಕೊಂಡರೆ ಸೋಂಕು ಕೆರಳಬಹುದು, ಸಕ್ಕರೆ ಏರಬಹುದು. ಸ್ಟೆರಾಯ್ಡ್ ಚೇತರಿಕೆಯನ್ನು ಬೇಗ ತರುತ್ತದೆ ಅಷ್ಟೆ, ಮುಂದಿನ ಅಟ್ಯಾಕ್ ತಡೆಯುವುದಿಲ್ಲ. ಹಾಗಾಗಿ ಮೊದಲು ಮೂತ್ರ, ಆಮೇಲೆ ಡ್ರಿಪ್. ಒಂದು ಎಚ್ಚರಿಕೆ: ಇದ್ದಕ್ಕಿದ್ದಂತೆ ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಗಂಟೆ ಎಣಿಸುತ್ತ ಕೂರಬೇಡಿ. ಪಾರ್ಶ್ವವಾಯು ಎಂಎಸ್ ಇದ್ದವರನ್ನು ಬಿಟ್ಟಿಲ್ಲ.

ಇನ್ನು ಅಂಕಿಗಳು. ಔಷಧ ಅಟ್ಯಾಕನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಅಂದಾಗ, ಎಷ್ಟರಲ್ಲಿ ಅರ್ಧ ಎಂದು ಕೇಳಿ. ಫಿಂಗೋಲಿಮಾಡ್ ಎಂಬ ಎಂಎಸ್ ಔಷಧದ ಬಗ್ಗೆ 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿ ಮಾತ್ರೆ ತಿಂದವರಿಗೆ ವರ್ಷಕ್ಕೆ ಸರಾಸರಿ 0.40 ಅಟ್ಯಾಕ್, ಔಷಧ ತಿಂದವರಿಗೆ 0.18. ನೂರು ಜನರ ಲೆಕ್ಕ ಹಾಕಿದರೆ 40ರ ಬದಲು 18. ಒಳ್ಳೆಯ ಔಷಧವೇ, ಆದರೆ ಆ 18 ಸೊನ್ನೆಯಲ್ಲ. ಒಂದು ಅಟ್ಯಾಕ್ ಬಂದ ತಕ್ಷಣ ‘ಔಷಧ ಹಿಡಿಯಲಿಲ್ಲ’ ಎಂದು ತಾವೇ ನಿಲ್ಲಿಸುವವರಿದ್ದಾರೆ. ಹಾಗೆ ಬಿಟ್ಟರೆ ಕಾಯಿಲೆ ಜೋರಾಗಿ ತಿರುಗಿಬೀಳಬಹುದು. ಫಿಂಗೋಲಿಮಾಡನ್ನು ಎರಡು ವಾರಕ್ಕಿಂತ ಹೆಚ್ಚು ತಪ್ಪಿಸಿ ಮತ್ತೆ ಶುರುಮಾಡುವುದಾದರೂ ಮೊದಲ ದಿನದಂತೆ 6 ಗಂಟೆ ನಿಗಾದಲ್ಲಿರಬೇಕು, ಹೃದಯಬಡಿತ ಇಳಿಯುವ ಭಯವಿದೆ.

ಚೀಟಿ ಬಂತು, ಸಮಯವಾಯಿತಂತೆ. ಲಸಿಕೆ ವಿಷಯ ಬಿಟ್ಟೇಹೋಯಿತು. ಟೆರಿಫ್ಲುನೊಮೈಡ್ ಎಂಬ ಎಂಎಸ್ ಮಾತ್ರೆ ತಿನ್ನುವವರು ಬಸಿರಿನ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಅದನ್ನು ಮೈಯಿಂದ ಬೇಗ ತೆಗೆಯಲು 11 ದಿನ ಬೇರೆ ಔಷಧ ಕೊಡುತ್ತಾರೆ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಎಂಎಸ್ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಪ್ರಶ್ನೆ ಇದ್ದವರು ಏಳಬೇಡಿ, ಮೈಕ್ ನಿಮ್ಮ ಹತ್ತಿರವೇ ಬರುತ್ತದೆ.